ಟೆನಿಸ್ ಕೋರ್ಟಿನ ಬೀಗದ ಕೈ: ನಮ್ಮೂರ ಪೌರಾಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ.

ನೀವು ನಮ್ಮೂರಿಗೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಆಗಲೇ ಪತ್ರ ಶುರುವಾಯಿತಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಏಳು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತವರ ಪೈಕಿ ನೀವು ಐದನೆಯವರು. ಹಿಂದಿನ ನಾಲ್ವರ ಚೇಂಬರಿಗೂ ಹೋಗಿ, ಅವರು ತರಿಸಿದ ಟೀ ಕುಡಿದು, ಟೆನಿಸ್ ಕೋರ್ಟಿನಲ್ಲಿ ಆಡಲು ಬಿಡಿ ಅಂತ ಅರ್ಜಿ ಕೊಟ್ಟು, ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿಕೊಂಡು ಬಂದಿದ್ದೇವೆ. ನಾಲ್ವರೂ ಒಳ್ಳೆಯವರೇ. "ಆಗಲಿ, ಆಡಿಕೊಳ್ಳಿ" ಅಂದರು. ಆಮೇಲೆ ವರ್ಗವಾಗಿ ಹೋದರು. ಅವರು ಹೋದ ದಿನವೇ "ಆಡಿಕೊಳ್ಳಿ" ಅನ್ನುವ ಮಾತೂ ಹೋಯಿತು. ಅದಕ್ಕೇ ಈ ಸಲ ಚೇಂಬರಿಗೆ ಬರುವ ಮೊದಲು ಊರಿನ ಎದುರಿಗೇ ಬರೆಯೋಣ ಅಂತ ಕೂತೆ.

ನಾನು ಇಲ್ಲಿನ ಟೆನಿಸ್ ಸಂಘದ ಖಜಾಂಚಿ. ಖಜಾನೆ ಅಂದರೆ ಒಂದು ಉಳಿತಾಯ ಖಾತೆ, ಒಂದು ರಸೀದಿ ಪುಸ್ತಕ, ನಮ್ಮ ಮನೆಯ ಅಟ್ಟದ ಮೇಲಿರುವ ಎರಡು ಗೋಣಿಚೀಲ ಹಳೇ ಚೆಂಡು. ಕೆಲಸ ಬ್ಯಾಂಕಿನಲ್ಲಿ. ಮೂವತ್ತೆಂಟನೇ ವಯಸ್ಸಿಗೆ ಡಾಕ್ಟರು "ಸ್ವಲ್ಪ ಓಡಾಡಿ" ಅಂದದ್ದಕ್ಕೆ ರ‍್ಯಾಕೆಟ್ ಹಿಡಿದವನು. ನನ್ನ ಬ್ಯಾಕ್‌ಹ್ಯಾಂಡ್ ಹೇಗಿದೆ ಅಂತ ಮಾತ್ರ ಊರಲ್ಲಿ ಯಾರನ್ನೂ ಕೇಳಬೇಡಿ. ಸಂಘದಲ್ಲಿ ಸಂಬಳ ತಗೊಳ್ಳುವವರು ಯಾರೂ ಇಲ್ಲ. ಇಬ್ಬರು ಮೇಷ್ಟ್ರು, ಒಬ್ಬರು ನರ್ಸಮ್ಮ, ಒಬ್ಬರು ಮೆಡಿಕಲ್ ಶಾಪಿನವರು, ಒಂದಷ್ಟು ಕಾಲೇಜು ಹುಡುಗರು. ಕೆಲಸದ ಮುಂಚೆ, ಕೆಲಸದ ನಂತರ ಬಂದು ಮಕ್ಕಳಿಗೆ ಆಡಿಸಿ ಹೋಗುತ್ತಾರೆ.

ಕ್ರೀಡಾಂಗಣದ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಇರುವ ಎರಡು ಟೆನಿಸ್ ಕೋರ್ಟು ನೀವು ನೋಡಿರಬಹುದು. ಅವನ್ನು ಕಟ್ಟಿಸಿದ ಕಾಲದಲ್ಲಿ ನಾವಿರಲಿಲ್ಲ. ಇದ್ದಿದ್ದರೆ ಒಂದು ಮಾತು ಹೇಳುತ್ತಿದ್ದೆವು. ಟೆನಿಸ್ ಕೋರ್ಟಿನ ಉದ್ದ ಉತ್ತರ ದಕ್ಷಿಣವಾಗಿ ಇರಬೇಕು ಸರ್. ಇಲ್ಲದಿದ್ದರೆ ಬೆಳಿಗ್ಗೆ ಒಂದು ಕಡೆಯವರಿಗೆ, ಸಂಜೆ ಇನ್ನೊಂದು ಕಡೆಯವರಿಗೆ ಸೂರ್ಯ ಸೀದಾ ಕಣ್ಣಿಗೆ ಹೊಡೆಯುತ್ತಾನೆ. ನಮ್ಮವು ಪೂರ್ವ ಪಶ್ಚಿಮ. ವಾಸ್ತು ನೋಡಿ ಕಟ್ಟಿಸಿದರೋ, ಜಾಗ ಸಿಕ್ಕಿದ ಹಾಗೆ ಕಟ್ಟಿಸಿದರೋ ಗೊತ್ತಿಲ್ಲ. ಬೆಳಿಗ್ಗೆ ಆರೂವರೆಗೆ ಸರ್ವ್ ಮಾಡಲು ಚೆಂಡು ಮೇಲೆಸೆದರೆ ಚೆಂಡು ಯಾವುದು, ಸೂರ್ಯ ಯಾವುದು ಗೊತ್ತಾಗುವುದಿಲ್ಲ. ಇನ್ನು ನೀರು ಹರಿದು ಹೋಗಲು ಕಾಂಕ್ರೀಟು ಒಂದೇ ಕಡೆಗೆ ನೂರಕ್ಕೆ ಒಂದರಷ್ಟು ಇಳಿಜಾರು ಇರಬೇಕಿತ್ತು. ಅದೂ ಇಲ್ಲ. ಮಳೆಗಾಲದಲ್ಲಿ ಬೇಸ್‌ಲೈನ್ ಅನ್ನುವ ಹಿಂದಿನ ಗೆರೆಯ ಹತ್ತಿರ ಸಣ್ಣ ಕೆರೆಯೇ ಆಗುತ್ತದೆ. ಮರದ ಪಟ್ಟಿಗೆ ಹಳೇ ಸೈಕಲ್ ಟ್ಯೂಬು ಬಡಿದು ನಾವೇ ಒಂದು ನೀರುತಳ್ಳುಕ ಮಾಡಿಕೊಂಡಿದ್ದೇವೆ. ಚೆನ್ನಾಗಿದೆ, ಬೇಕಾದರೆ ಬಸ್ ನಿಲ್ದಾಣಕ್ಕೂ ಒಂದು ಮಾಡಿಕೊಡುತ್ತೇವೆ.

ಏಳು ವರ್ಷದ ಹಿಂದೆ ನಾವು ನಾಲ್ಕು ಜನ ಅಲ್ಲಿಗೆ ಹೋದಾಗ ಗೇಟಿನ ಬೀಗ ತುಕ್ಕು ಹಿಡಿದಿತ್ತು. ಒಳಗೆ ಸೊಂಟದೆತ್ತರ ಕಾಂಗ್ರೆಸ್ ಗಿಡ, ಕಾಂಕ್ರೀಟಿನ ಬಿರುಕಿನಿಂದಲೂ ಎದ್ದಿತ್ತು. ಕಾವಲುಗಾರರು ಕೈಯಲ್ಲಿ ಕೀಲಿ ಹಿಡಿದುಕೊಂಡು, "ತೆಗೀತೀನಿ ಸ್ವಾಮಿ, ಆದರೆ ಯಾರಾದರೂ ಕೇಳಿದರೆ ನಾನು ತೆಗೆದೆ ಅನ್ನಬೇಡಿ" ಅಂದರು. ಮೂರು ಭಾನುವಾರ ಗಿಡ ಕಿತ್ತೆವು. ನೆಟ್ ಇರಲಿಲ್ಲ, ವಾಲಿಬಾಲ್ ನೆಟ್ಟನ್ನೇ ಕೆಳಗೆ ಕಟ್ಟಿದೆವು. ನೆಟ್ಟಿನ ನಡುವೆ ಎತ್ತರ ಮೂರಡಿ ಇರಬೇಕು. ಅಳತೆ ಟೇಪು ಬೇಕಿಲ್ಲ, ಒಂದು ರ‍್ಯಾಕೆಟನ್ನು ನೆಟ್ಟಗೆ ನಿಲ್ಲಿಸಿ ಅದರ ತುದಿಗೆ ಇನ್ನೊಂದನ್ನು ಅಡ್ಡ ಇಟ್ಟರೆ ಹೆಚ್ಚು ಕಡಿಮೆ ಮೂರಡಿ ಬರುತ್ತದೆ. ಇವತ್ತಿಗೂ ಹೊಸ ಮಕ್ಕಳಿಗೆ ನಾವು ಕಲಿಸುವ ಮೊದಲನೇ ಪಾಠ ಅದೇ.

ಆಮೇಲೆ ಯಾರೋ ಹೇಳಿದರು, ಸಂಘ ಅಂತ ನೋಂದಣಿ ಮಾಡಿಸಿ, ಆಗ ನಗರಸಭೆಯವರು ನಿಮ್ಮ ಮಾತು ಕೇಳುತ್ತಾರೆ ಅಂತ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಕಡಿಮೆಯೆಂದರೆ ಏಳು ಜನ ಬೇಕು. ನಾವಿದ್ದದ್ದು ನಾಲ್ಕು. ಐದನೆಯವರಾಗಿ ನಮ್ಮ ನರ್ಸಮ್ಮ ಬಂದರು, ಆರನೆಯವರು ಅವರ ತಮ್ಮ. ಏಳನೆಯವರು ಸಿಗಲಿಲ್ಲ ಅಂತ ಕ್ರೀಡಾಂಗಣದ ಎದುರಿನ ಚಹಾ ಅಂಗಡಿಯ ಯಜಮಾನರ ಕೈಯಲ್ಲಿ ಸಹಿ ಹಾಕಿಸಿದೆವು. ಅವರು ಇವತ್ತಿನವರೆಗೆ ಒಂದು ಸಲವೂ ರ‍್ಯಾಕೆಟ್ ಮುಟ್ಟಿಲ್ಲ. ಈಗ ನಮ್ಮ ಉಪಾಧ್ಯಕ್ಷರು. ನನ್ನ ಅನುಭವ ಕೇಳಿದರೆ, ಆಡುವವರೇ ತುಂಬಿದ ಸಂಘಕ್ಕಿಂತ ಆಡದವರು ಒಬ್ಬಿಬ್ಬರು ಇರುವ ಸಂಘ ಚೆನ್ನಾಗಿ ನಡೆಯುತ್ತದೆ. ಕೋರ್ಟು ನನಗೆ ಸಿಗಲಿಲ್ಲ, ನಿನಗೆ ಸಿಕ್ಕಿತು ಅನ್ನುವ ಜಗಳದಲ್ಲಿ ಅವರಿಗೆ ಪಾಲಿಲ್ಲ ನೋಡಿ.

ನೋಂದಣಿ ಆಯಿತು. ವರ್ಷಕ್ಕೊಂದು ಸಾಮಾನ್ಯ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ, ಎಲ್ಲವನ್ನೂ ತಪ್ಪದೆ ಸಲ್ಲಿಸುತ್ತಿದ್ದೇವೆ. ಬ್ಯಾಂಕಿನವನಲ್ವಾ, ಅದರಲ್ಲಿ ಮಾತ್ರ ನಾನು ಬಿಗಿ. ಖಾತೆಗೆ ಇಬ್ಬರ ಸಹಿ. ಐವತ್ತು ರೂಪಾಯಿಗೂ ರಸೀದಿ. ಆದರೆ ಕೀಲಿ ಮಾತ್ರ ಅದೇ ಹಳೇ ವ್ಯವಸ್ಥೆ, ಕಾವಲುಗಾರರ ಸೊಂಟದಲ್ಲಿ, ಅವರ ದಯೆಯ ಮೇಲೆ.

ಹೋದ ವರ್ಷ ಏಪ್ರಿಲ್‌ನಲ್ಲಿ ಏನಾಯಿತು ಅಂತ ನಿಮ್ಮ ಕಡತದಲ್ಲಿ ಇರಲಾರದು, ಅದಕ್ಕೆ ಬರೆಯುತ್ತೇನೆ. ಬೇಸಿಗೆ ಶಿಬಿರ ಶುರುವಾಗಿ ಐದನೇ ದಿನ. ಬೆಳಿಗ್ಗೆ ಆರಕ್ಕೆ ನಲವತ್ತು ಮಕ್ಕಳು ಬಂದರೆ ಗೇಟಿಗೆ ಹೊಸ ಬೀಗ. ಯಾರು ಹಾಕಿದ್ದು, ಯಾಕೆ ಹಾಕಿದ್ದು, ಯಾರಿಗೂ ಗೊತ್ತಿಲ್ಲ. ಕಚೇರಿಗೆ ಹೋದರೆ "ಹೊಸ ಸಾಹೇಬರು ಬರಲಿ, ಕೇಳಿ" ಅಂದರು. ಕಾವಲುಗಾರರ ಮಗಳೂ ನಮ್ಮಲ್ಲಿ ಆಡುತ್ತಾಳೆ, ಆರನೇ ಕ್ಲಾಸು. ಅಪ್ಪನ ಹತ್ತಿರ ಕೀಲಿ ಇಲ್ಲ ಅನ್ನುವುದೇ ಅವಳಿಗೆ ನಂಬಲಾಗಲಿಲ್ಲ. ಎಲ್ಲರ ಎದುರು ತಲೆ ತಗ್ಗಿಸಿ ನಿಂತಿದ್ದಳು, ತಾನೇ ಬೀಗ ಹಾಕಿದ ಹಾಗೆ. ಉಳಿದ ಹದಿನೈದು ದಿನದ ಶಿಬಿರವನ್ನು ಸರ್ಕಾರಿ ಶಾಲೆಯ ಮಣ್ಣಿನ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು, ಹಗ್ಗ ಕಟ್ಟಿ ಮುಗಿಸಿದೆವು. ಬೀಗ ತೆಗೆಸಲು ಎರಡು ತಿಂಗಳು ಹಿಡಿಯಿತು.

ಮಣ್ಣಿನ ಅಂಗಳದಲ್ಲಿ ಟೆನಿಸ್ ಹೇಗೆ ಅಂತ ನಿಮಗೆ ಅನ್ನಿಸಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ "ಎರಡು ಕೋರ್ಟಲ್ಲಿ ನಾಲ್ಕು ಜನ ಆಡ್ತಾರೆ, ಅಷ್ಟಕ್ಕೆ ಅಷ್ಟು ಜಾಗ ಯಾಕೆ" ಅನ್ನುವ ಮಾತು ನಿಮ್ಮ ಕಚೇರಿಯಲ್ಲಿ ಓಡಾಡುತ್ತಿದೆ. ಎಂಟು ವರ್ಷದ ಮಗುವಿಗೆ ದೊಡ್ಡವರ ಹಳದಿ ಚೆಂಡು ಕೊಟ್ಟರೆ ಅದು ಪುಟಿದು ಅದರ ತಲೆಯ ಮೇಲೆ ಹೋಗುತ್ತದೆ. ಮಗು ನಾಲ್ಕು ದಿನ ಚೆಂಡು ಹೆಕ್ಕಿ, ಐದನೇ ದಿನ ಬರುವುದಿಲ್ಲ. ಅದಕ್ಕೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ ಮಕ್ಕಳಿಗೆ ಬೇರೆ ಚೆಂಡು ಗೊತ್ತುಮಾಡಿದೆ. ಕೆಂಪು ಚೆಂಡು ಹಳದಿಗಿಂತ ಮುಕ್ಕಾಲು ಪಾಲು ನಿಧಾನ, ಕಿತ್ತಳೆ ಅರ್ಧ, ಹಸಿರು ಕಾಲು ಭಾಗ. 2012ರಿಂದ ಹತ್ತು ವರ್ಷದೊಳಗಿನ ಮಕ್ಕಳ ಸ್ಪರ್ಧೆಯಲ್ಲಿ ಸಾಮಾನ್ಯ ಹಳದಿ ಚೆಂಡು ಬಳಸುವಂತೆಯೇ ಇಲ್ಲ. ಕೆಂಪು ಚೆಂಡಿನ ಅಂಕಣ 36 ಅಡಿ ಉದ್ದ. ನಮ್ಮ ಕೋರ್ಟಿನ ಅಗಲ ಎಷ್ಟು? ಡಬಲ್ಸ್ ಗೆರೆ ಸೇರಿಸಿ 36 ಅಡಿ! ಅಂದರೆ 78 ಅಡಿ ಉದ್ದದ ಕೋರ್ಟಿನಲ್ಲಿ ಅಡ್ಡಲಾಗಿ ನಾಲ್ಕು ಪುಟ್ಟ ಅಂಕಣ ಕೂರುತ್ತವೆ. ಒಂದೊಂದರಲ್ಲಿ ನಾಲ್ಕು ಮಕ್ಕಳಂತೆ ಹದಿನಾರು. ಎರಡು ಕೋರ್ಟಿಗೆ ಮೂವತ್ತೆರಡು. ನೆಟ್ ಬದಲು ಕುರ್ಚಿಗೆ ಕಟ್ಟಿದ ಹಗ್ಗ. ಮಂಗಳವಾರ, ಗುರುವಾರ ಸಂಜೆ ಬಂದು ಎಣಿಸಿ ನೋಡಿ.

ಟೂರ್ನಿ ಮಾಡುವ ಕ್ರಮವನ್ನೂ ಬದಲಾಯಿಸಿಕೊಂಡೆವು. ಮೊದಲು ನಾಕೌಟ್ ಮಾಡುತ್ತಿದ್ದೆವು. ಹದಿನಾರು ಮಕ್ಕಳಲ್ಲಿ ಎಂಟು ಮಕ್ಕಳು ಒಂದೇ ಮ್ಯಾಚ್ ಸೋತು, ಇನ್ನೂ ತಿಂಡಿ ಕೊಡುವ ಮೊದಲೇ ಅಳುತ್ತಾ ಮನೆಗೆ. ಹಳ್ಳಿಯಿಂದ ಬಸ್ಸು ಹಿಡಿದು ಮಗನನ್ನು ಕರೆದುಕೊಂಡು ಬಂದ ತಂದೆಯೊಬ್ಬರು "ಇಷ್ಟೇನಾ ಸಾರ್?" ಅಂದರು. ಆವತ್ತೇ ಬಿಟ್ಟೆವು. ಈಗ ನಾಲ್ಕು ನಾಲ್ಕು ಮಕ್ಕಳ ಗುಂಪು, ನಾಲ್ಕು ಗೇಮಿನ ಸಣ್ಣ ಸೆಟ್ಟು, ಎಲ್ಲರಿಗೂ ಕಡಿಮೆಯೆಂದರೆ ಮೂರು ಮ್ಯಾಚು. ಗುಂಪಿನ ಹಂತದಲ್ಲೇ ಇಪ್ಪತ್ತನಾಲ್ಕು ಮ್ಯಾಚ್ ಆಗುತ್ತವೆ, ನಾಕೌಟಾದರೆ ಒಟ್ಟು ಹದಿನೈದರಲ್ಲಿ ಮುಗಿಯುತ್ತಿತ್ತು. ನಮ್ಮ ಕೆಲಸ ಜಾಸ್ತಿಯಾಯಿತು. ಮುಂದಿನ ವಾರ ತಿರುಗಿ ಬರುವ ಮಕ್ಕಳೂ ಜಾಸ್ತಿಯಾದರು.

ಈಗ ವಿಷಯಕ್ಕೆ ಬರುತ್ತೇನೆ. ಆ ಜಾಗವನ್ನು ಟೆಂಡರ್ ಕರೆದು ಖಾಸಗಿಯವರಿಗೆ ಗುತ್ತಿಗೆ ಕೊಡುವ ಮಾತು ನಡೆದಿದೆ ಅಂತ ಕೇಳಿದೆವು. ಹುಲ್ಲಿನ ಹಾಸು ಹಾಸಿ ಬಾಕ್ಸ್ ಕ್ರಿಕೆಟ್, ಒಂದು ಬದಿಗೆ ಪಿಕಲ್‌ಬಾಲ್ (ಚಪ್ಪಟೆ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡಿನ ಆಟ), ರಾತ್ರಿ ಲೈಟು, ಗಂಟೆಗೆ ಇಷ್ಟು ಅಂತ ಬಾಡಿಗೆ. ನಗರಸಭೆಗೆ ಆದಾಯ ಬೇಕು, ಗೊತ್ತು. ಕಸದ ಗಾಡಿಗೆ ಡೀಸೆಲ್ ಹಾಕಿಸುವುದೂ ನಿಮ್ಮ ತಲೆನೋವೇ. ಪಿಕಲ್‌ಬಾಲ್ ಮೇಲೆ ನಮಗೆ ಸಿಟ್ಟೂ ಇಲ್ಲ. ಅದರ ಅಂಕಣ 44 ಅಡಿ ಉದ್ದ, 20 ಅಡಿ ಅಗಲ, ಒಂದು ಟೆನಿಸ್ ಕೋರ್ಟಿನ ಜಾಗದಲ್ಲಿ ನಾಲ್ಕು ಹಿಡಿಸುತ್ತವೆ. ಅದರ ನೆಟ್ ನಡುವೆ 34 ಇಂಚು, ನಮ್ಮದು 36. ಬೇರೆ ಬಣ್ಣದಲ್ಲಿ ಗೆರೆ ಎಳೆದು, ನೆಟ್ಟಿನ ನಡುವಿನ ಪಟ್ಟಿಯನ್ನು ಎರಡಿಂಚು ಕೆಳಕ್ಕೆ ಬಿಗಿದರೆ ನಮ್ಮ ನೆಟ್ಟಿನಲ್ಲೇ ಹಿರಿಯರು ಆಡಬಹುದು. ನಾವೇ ಮಾಡಿಕೊಡುತ್ತೇವೆ. ಆದರೆ ಟೆಂಡರಿನಲ್ಲಿ ಜಾಸ್ತಿ ಕೂಗಿದವರ ಕೈಗೆ ಜಾಗ ಹೋದರೆ ಅವರು ಹಾಕಿದ ದುಡ್ಡು ತೆಗೆಯಬೇಕಲ್ಲ? ಸಂಜೆ ಐದರಿಂದ ಎಂಟು ಅವರಿಗೆ ಚಿನ್ನದಂಥ ಹೊತ್ತು. ನಮ್ಮ ಮಕ್ಕಳು ಶಾಲೆ ಬಿಟ್ಟು ಬರುವುದೂ ಅದೇ ಹೊತ್ತಿಗೆ. ತಿಂಗಳಿಗೆ ನೂರು ರೂಪಾಯಿ ಕೊಡುವ ಮಗು, ಅದನ್ನೂ ಕೊಡಲಾಗದೆ ಸುಮ್ನೆ ಬಂದು ಆಡುವ ಮಗು, ಗಂಟೆ ಲೆಕ್ಕದ ಗೇಟಿನೊಳಗೆ ಹೋಗುವುದಿಲ್ಲ.

ಉದ್ಯಾನ, ಆಟದ ಮೈದಾನಗಳನ್ನು ಕಾಪಾಡಲು 1985ರಲ್ಲೇ ನಮ್ಮ ರಾಜ್ಯ ಒಂದು ಕಾಯ್ದೆ ಮಾಡಿದೆ. ನಾನು ವಕೀಲನಲ್ಲ, ಕಾಯ್ದೆ ತೋರಿಸಿ ಹೆದರಿಸಲು ಇದನ್ನು ಬರೆಯುತ್ತಿಲ್ಲ. ನೆನಪಿಗೆ ಇರಲಿ ಅಂತ ಅಷ್ಟೇ.

ನನ್ನ ತಂಗಿಯ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಇಂಥ ಸಂಘಕ್ಕೆ ಕಮ್ಯುನಿಟಿ ಟೆನಿಸ್ ಅಸೋಸಿಯೇಷನ್ ಅಂತ ಹೆಸರೇ ಇದೆಯಂತೆ. ಒಂದು ಊರಿಗೋ ಪ್ರದೇಶಕ್ಕೋ ಸೇರಿದ, ಲಾಭ ನೋಡದ, ಸ್ವಯಂಸೇವಕರೇ ನಡೆಸುವ ನೋಂದಾಯಿತ ಸಂಘ. ಅವನ ಊರಿನಲ್ಲಿ ಕೋರ್ಟು ಪಾರ್ಕು ಇಲಾಖೆಯದು, ಆಡಿಸುವುದು ಸಂಘದ್ದು, ನಡುವೆ ಒಂದು ಕಾಗದ. ಆ ಕಾಗದ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು ಸರ್, ಅವರ ಕೋರ್ಟು ನೋಡಿ ಅಲ್ಲ.

ಅದೇ ದೇಶದ ಕಪ್ಪು ಟೆನಿಸ್ ಆಟಗಾರ ಆರ್ಥರ್ ಆಶ್ ಕಥೆ ನಿಮಗೆ ಗೊತ್ತಿರಬಹುದು. ವರ್ಜೀನಿಯಾದ ರಿಚ್ಮಂಡ್ ಊರಿನಲ್ಲಿ ಕಪ್ಪು ಜನರಿಗೆ ಮಾತ್ರ ಅಂತ ಬಿಟ್ಟಿದ್ದ ಬ್ರೂಕ್ ಫೀಲ್ಡ್ ಎನ್ನುವ ಮೈದಾನಕ್ಕೆ ಅವರ ತಂದೆ ಮೇಲ್ವಿಚಾರಕ. ಮನೆ ಮೈದಾನದೊಳಗೇ, ಟೆನಿಸ್ ಕೋರ್ಟು ಮನೆಯ ಪಕ್ಕದಲ್ಲೇ. ಅಲ್ಲಿ ಆಡಲು ಬರುತ್ತಿದ್ದ ಒಬ್ಬ ಯುವಕ, ರಾನ್ ಚಾರಿಟಿ, ಹುಡುಗನಿಗೆ ರ‍್ಯಾಕೆಟ್ ಹಿಡಿಯುವುದು ಹೇಗೆಂದು ತೋರಿಸಿದರು. ಆ ಹುಡುಗ 1968ರಲ್ಲಿ ಯುಎಸ್ ಓಪನ್, 1975ರಲ್ಲಿ ವಿಂಬಲ್ಡನ್ ಗೆದ್ದರು. ಮಕ್ಕಳಿಗಾಗಿ ಬಡಾವಣೆ ಬಡಾವಣೆಯಲ್ಲಿ ಟೆನಿಸ್ ಕಲಿಸುವ ಕೆಲಸವನ್ನು ಗೆಳೆಯರ ಜತೆ 1969ರಲ್ಲೇ ಶುರುಮಾಡಿದರು. ನಮ್ಮ ಕಾವಲುಗಾರರ ಮಗಳು ವಿಂಬಲ್ಡನ್ ಆಡುತ್ತಾಳೆ ಅಂತ ನಾನು ಹೇಳುತ್ತಿಲ್ಲ. ಅವಳ ಸರ್ವ್ ಇನ್ನೂ ನೆಟ್ಟಿಗೇ ಹೋಗುತ್ತದೆ. ಆದರೆ ಕೋರ್ಟಿನ ಪಕ್ಕದಲ್ಲೇ ಮನೆ ಇರುವ ಹುಡುಗಿಗೆ ಆ ಗೇಟು ತೆರೆದಿರಬೇಕು ಅಲ್ವಾ?

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ, ಊರಿನವರು ಓದುತ್ತಿದ್ದಾರೆ. ಮೊದಲ ಎರಡು ವರ್ಷ ನಾವೂ ಆ ಕೋರ್ಟು ನಮ್ಮಪ್ಪನ ಆಸ್ತಿ ಅನ್ನುವ ಹಾಗೆಯೇ ನಡೆದುಕೊಂಡೆವು. ಬೆಳಿಗ್ಗೆ ಗಂಡಸರು ನಾಲ್ಕು ಜನ ಡಬಲ್ಸ್‌ಗೆ ಇಳಿದರೆ ಎಂಟಾದರೂ ಬಿಡುತ್ತಿರಲಿಲ್ಲ. ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ಒಂದು ಗಂಟೆ ಗೇಟಿನ ಹತ್ತಿರ ಕಾದು ವಾಪಸ್ ಹೋದರು. ಹೋಗುವಾಗ "ನಗರಸಭೆ ಬೀಗಕ್ಕಿಂತ ನಿಮ್ಮ ಬೀಗ ದೊಡ್ಡದು ಬಿಡಿ" ಅಂದರು. ಆ ಮಾತು ಚುಚ್ಚಿತು. ಅದಾದ ಮೇಲೆ ವೇಳಾಪಟ್ಟಿ ಬೋರ್ಡು ಬರೆಸಿ ಹಾಕಿದೆವು, ಯಾರಾದರೂ ಕಾಯುತ್ತಿದ್ದರೆ ಒಂದು ಸೆಟ್ಟು ಮುಗಿದ ಕೂಡಲೇ ಕೋರ್ಟು ಬಿಡಬೇಕು ಅಂತ. ಮಕ್ಕಳ ಹೊತ್ತಿನಲ್ಲಿ ಇಬ್ಬರು ದೊಡ್ಡವರು ಇದ್ದೇ ಇರಬೇಕು, ಒಬ್ಬರೇ ಆಡಿಸುವಂತಿಲ್ಲ, ಅದೂ ನಿಯಮ. ಇಷ್ಟಾದರೂ ಹನ್ನೆರಡು ಹದಿಮೂರು ವಯಸ್ಸು ಬಂತು ಅಂದರೆ ಹುಡುಗಿಯರು ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ. ಕಾರಣ ಕೇಳಲು ನರ್ಸಮ್ಮ ಮನೆಮನೆಗೆ ಹೋದರು. ಕಾರಣ ತುಂಬ ಸರಳ. ಅಲ್ಲಿ ಶೌಚಾಲಯ ಇಲ್ಲ. ಇದ್ದ ಒಂದಕ್ಕೆ ಬೀಗ, ಅದರ ಕೀಲಿ ಕಾವಲುಗಾರರ ಹತ್ತಿರವೂ ಇಲ್ಲ.

ಊರಿನವರಿಗೂ ಎರಡು ಮಾತು. 2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ಆ ವಾರವೇ ಹನ್ನೊಂದು ಜನ ನಡುವಯಸ್ಸಿನ ಗಂಡಸರು ಹೊಸ ಶೂ ಹಾಕಿಕೊಂಡು ಬಂದಿರಿ. ಸಂತೋಷ. ಒಬ್ಬರಿಗೆ ಎರಡನೇ ದಿನವೇ ಮೀನಖಂಡ ಹಿಡಿದುಕೊಂಡಿತು. ಉಳಿದವರಲ್ಲಿ ಮೂವರು ಈಗಲೂ ಬರುತ್ತೀರಿ. ನಮಗೆ ಆಡುವವರಷ್ಟೇ ಸಾಲದು. "ಏನಾದರೂ ಸಹಾಯ ಬೇಕಿದ್ದರೆ ಹೇಳಿ" ಅಂತ ವಾಟ್ಸಾಪಿನಲ್ಲಿ ನಮಸ್ಕಾರದ ಚಿತ್ರ ಹಾಕುವವರು ಬಹಳ ಜನ, ನಾವೂ ಮೊದಲು "ಎಲ್ಲರೂ ಕೈಜೋಡಿಸಿ" ಅಂತಲೇ ಬರೆಯುತ್ತಿದ್ದೆವು, ಯಾರೂ ಬರುತ್ತಿರಲಿಲ್ಲ. ಈಗ ಕೆಲಸ ತುಂಡು ಮಾಡಿ ಕೇಳುತ್ತೇವೆ. ಶನಿವಾರ ಆರರಿಂದ ಏಳು ಚೆಂಡು ವಿಂಗಡಿಸಬೇಕು, ಒಬ್ಬರು ಬೇಕು. ಭುಜದ ಎತ್ತರದಿಂದ ಬಿಟ್ಟ ಚೆಂಡು ಅದರ ಅರ್ಧದಷ್ಟೂ ಮೇಲೆ ಏಳದಿದ್ದರೆ ಸತ್ತ ಚೆಂಡು, ಅದು ಗೋಣಿಚೀಲಕ್ಕೆ. ಇಷ್ಟೇ ಕೆಲಸ. ಹೀಗೆ ಕೇಳಿದರೆ ಬರುತ್ತಾರೆ. ಒಬ್ಬರೇ ಎಲ್ಲ ಹೊತ್ತುಕೊಂಡರೆ ಏನಾಗುತ್ತದೆ ಅಂತ ನಮಗೆ ಗೊತ್ತು. ನಮ್ಮ ಮೊದಲ ಕಾರ್ಯದರ್ಶಿ ಮೂರು ವರ್ಷ ಎಲ್ಲವನ್ನೂ ತಾವೇ ಮಾಡಿ, ಒಂದು ದಿನ ಗ್ರೂಪಿನಿಂದ ಹೊರಬಿದ್ದರು. ಇವತ್ತಿಗೂ ಕೋರ್ಟಿನ ದಾರಿಯಲ್ಲಿ ಬರುವುದಿಲ್ಲ. ತಪ್ಪು ಅವರದಲ್ಲ.

ಸರ್, ಹಣ ಕೇಳುತ್ತಿಲ್ಲ. ಕೋರ್ಟಿಗೆ ಮೇಲ್ಪದರ ಹಾಕಿಸಿ ಬಣ್ಣ ಬಳಿಸಲು ಲಕ್ಷಗಟ್ಟಲೆ ಬೇಕು, ನಿಜ. ಊರಿನ ಒಬ್ಬ ವ್ಯಾಪಾರಿ ಕೊಡಲು ತಯಾರಿದ್ದಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾನು ದುಡ್ಡು ಹಾಕಿದ ಮೇಲೆ ನಾಳೆ ಯಾರಾದರೂ ಬೀಗ ಹಾಕಿದರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಶಾಲೆಯ ಮುಖ್ಯೋಪಾಧ್ಯಾಯರು ಮಕ್ಕಳನ್ನು ವಾರಕ್ಕೆರಡು ದಿನ ಕಳಿಸುತ್ತೇವೆ, ಬರಹದಲ್ಲಿ ಕೊಡಿ ಅಂತಾರೆ. ಅದಕ್ಕೂ ಉತ್ತರ ಇಲ್ಲ. ಕೆಂಪು ಚೆಂಡಿನಲ್ಲಿ ಶುರುಮಾಡಿದ ಮಗು ಹಳದಿ ಚೆಂಡಿಗೆ ಬರಲು ಮೂರು ವರ್ಷವಾದರೂ ಬೇಕು. ನಮ್ಮೂರಿನಲ್ಲಿ ಆ ಮೂರು ವರ್ಷದೊಳಗೆ ಒಬ್ಬರಾದರೂ ಸಾಹೇಬರು ಬದಲಾಗುತ್ತಾರೆ. ಧಾರವಾಡ, ಕಲಬುರಗಿಯಲ್ಲಿ ಅಂತರರಾಷ್ಟ್ರೀಯ ಟೂರ್ನಿ ನಡೆದದ್ದನ್ನು ನೋಡಿ ನಮ್ಮೂರಿನಲ್ಲೂ ಮಾಡಿ ಅನ್ನುತ್ತಾರೆ ಕೆಲವರು. ನಮಗೆ ಮುಂದಿನ ತಿಂಗಳು ಗೇಟು ತೆರೆದಿರುತ್ತದಾ ಅನ್ನುವುದೇ ಗೊತ್ತಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಆ ಎರಡು ಕೋರ್ಟನ್ನು ಟೆಂಡರಿನಿಂದ ಹೊರಗಿಡಿ. ಬೆಳಿಗ್ಗೆ ಆರರಿಂದ ಎಂಟು, ಸಂಜೆ ನಾಲ್ಕೂವರೆಯಿಂದ ಏಳು ಸಂಘ ಆಡಿಸಲಿ, ಉಳಿದ ಹೊತ್ತು ಯಾರು ಬೇಕಾದರೂ ಆಡಲಿ ಅಂತ ಮೂರು ವರ್ಷಕ್ಕೆ ಒಂದು ಒಪ್ಪಂದ ಬರೆದುಕೊಡಿ. ನಿಮ್ಮ ಒಬ್ಬರ ಸಹಿಯಲ್ಲಿ ಬೇಡ, ಕೌನ್ಸಿಲ್ ಸಭೆಯಲ್ಲಿ ಠರಾವು ಆಗಲಿ, ನೀವು ವರ್ಗವಾದರೂ ಅದು ಇಲ್ಲೇ ಉಳಿಯಲಿ. ಲೆಕ್ಕ ವರ್ಷಕ್ಕೊಮ್ಮೆ ನಿಮ್ಮ ಕಚೇರಿಯ ನೋಟಿಸ್ ಬೋರ್ಡಿನಲ್ಲೇ ಅಂಟಿಸುತ್ತೇವೆ. ಸರಿಯಾಗಿ ನಡೆಸದಿದ್ದರೆ ವಾಪಸ್ ತಗೊಳ್ಳಿ, ಅದನ್ನೂ ಒಪ್ಪಂದದಲ್ಲೇ ಬರೆಯಿರಿ. ಲೈಟು ಹಾಕಿಸಿದರೆ ಬೇರೆ ಮೀಟರ್ ಕೊಡಿ, ಬಿಲ್ಲು ನಮ್ಮದು. ಮತ್ತೆ ಆ ಶೌಚಾಲಯ.

ಈ ಶನಿವಾರ ಬೆಳಿಗ್ಗೆ ಆರಕ್ಕೆ ಬನ್ನಿ. ರ‍್ಯಾಕೆಟ್ ನಾವು ಕೊಡುತ್ತೇವೆ, ಸೂರ್ಯನಿಗೆ ಬೆನ್ನು ಮಾಡಿ ಆಡುವ ಕಡೆಯನ್ನೇ ಬಿಟ್ಟುಕೊಡುತ್ತೇವೆ. ಬರುವಾಗ ಕ್ರೀಡಾಂಗಣದ ಗುಮಾಸ್ತರ ಮೇಜಿನ ಎಡಗಡೆ ಕೆಳಗಿನ ಡ್ರಾಯರು ಒಮ್ಮೆ ತೆಗೆಸಿ ನೋಡಿ. ಶೌಚಾಲಯದ ಕೀಲಿ ಅಲ್ಲೇ ಇರಬೇಕು ಅಂತ ಕಾವಲುಗಾರರು ಹೇಳುತ್ತಾರೆ.

ಇಂತಿ ನಿಮ್ಮ,
ಸಂಘದ ಖಜಾಂಚಿ